ಮಾತು ಬರುವವರಿಗೆ ಮಾತು ಕಲಿಸಿದ್ದು

ಹಾವೇರಿಯ ಆಸ್ಪತ್ರೆಯೊಂದರಲ್ಲಿ ನನ್ನ ಕೋಣೆಯ ಮೇಲೆ 'ವಾಕ್ ಚಿಕಿತ್ಸಾ ವಿಭಾಗ' ಎಂಬ ಫಲಕ ಏರಿದ ಮೊದಲ ವಾರ ನನ್ನಲ್ಲಿಗೆ ಬಂದವರೆಲ್ಲ ಮೊಣಕಾಲು ನೋವಿನವರು. ವಾಕ್ ಎಂದರೆ ನಡೆಯುವುದು ಎಂದುಕೊಂಡಿದ್ದರು. "ಇದು ಮಾತಿನ ಚಿಕಿತ್ಸೆ" ಎಂದು ನಾನು ಬಿಡಿಸಿ ಹೇಳಿದರೆ, ರಾಣೆಬೆನ್ನೂರಿನ ಅಜ್ಜಿಯೊಬ್ಬಳು ನನ್ನನ್ನು ಕನಿಕರದಿಂದ ನೋಡಿ, "ಮಾತಾಡಾಕೂ ಪಗಾರ ಕೊಡ್ತಾರೇನವ್ವ?" ಎಂದಳು. ನಿವೃತ್ತಿಯಾಗುವವರೆಗೂ ಈ ಪ್ರಶ್ನೆಗೆ ನನಗೊಂದು ಗಟ್ಟಿ ಉತ್ತರ ಹೊಳೆಯಲಿಲ್ಲ.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ತೊದಲುವ ಮಕ್ಕಳ ಬಗ್ಗೆ, ಲಕ್ವಾ ಹೊಡೆದು ಮಾತು ಹೋದವರ ಬಗ್ಗೆ ಅವರಿಗೆ ಪುಸ್ತಕದಲ್ಲಿ ಬೇಕಾದಷ್ಟು ಸಿಗುತ್ತದೆ. ತಲೆಗೆ ಪೆಟ್ಟು ಬಿದ್ದು, ಮಾತು ಮಾತ್ರ ನೆಟ್ಟಗೆ ಉಳಿದು, ಆ ಮಾತನ್ನು ಯಾರ ಮುಂದೆ, ಎಷ್ಟು, ಯಾವಾಗ ಆಡಬೇಕು ಎಂಬುದು ಮರೆತುಹೋದವರ ಬಗ್ಗೆ ಕೇಳಿದಾಗ ನಾನು ಬ್ಯಾಡಗಿಯ ಚನ್ನಬಸಪ್ಪನ ಕಥೆ ಹೇಳುತ್ತೇನೆ. ಇದರಲ್ಲಿ ನನ್ನ ಜಾಣತನ ಕಡಿಮೆ. ಫಜೀತಿಯೇ ಹೆಚ್ಚು. ಅದಕ್ಕೇ ನೆನಪಿನಲ್ಲಿ ಉಳಿಯುತ್ತದೆ ಎಂದು ನನ್ನ ನಂಬಿಕೆ.

ನಾನು ಮೈಸೂರು ಕಡೆಯವಳು. ಮದುವೆಯಾಗಿ ರಾಣೆಬೆನ್ನೂರಿಗೆ ಬಂದೆ. ಇಪ್ಪತ್ತು ವರ್ಷ ಕಳೆದರೂ ಮಾತು ಕಲಿಸಲು ಬಂದವಳ ಮಾತೇ ಇಲ್ಲಿ ಯಾರಿಗೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಚನ್ನಬಸಪ್ಪನ ಹೆಂಡತಿ ಶಿವಲೀಲಾ ಮೊದಲ ದಿನ ಗಂಡನ ಕೈ ಹಿಡಿದುಕೊಂಡು ಒಳಗೆ ಬಂದು ಅಳುತ್ತ ಒಂದೇ ಉಸಿರಿನಲ್ಲಿ ಎಲ್ಲ ಹೇಳತೊಡಗಿದಾಗ ನಾನು ಸಮಾಧಾನಪಡಿಸಲು "ಸ್ವಲ್ಪ ತಾಳಿ" ಎಂದೆ. ಅವಳು ಅಳು ನಿಲ್ಲಿಸಿ ಗಾಬರಿಯಿಂದ ಕೊರಳು ಮುಟ್ಟಿಕೊಂಡಳು.

"ಯಾಕ್ರಿ ಅಕ್ಕಾರ, ತಾಳಿಗೇನಾಗೇತಿ?"

"ತಡೀರಿ ಅಂತ ಹೇಳಿದ್ದು" ಎಂದೆ. ಅಂತೂ ಅಳು ನಿಂತಿತ್ತು. ಚಿಕಿತ್ಸೆಯ ಮೊದಲ ಯಶಸ್ಸು ಎಂದು ಅದನ್ನೇ ಲೆಕ್ಕಕ್ಕೆ ಹಿಡಿದೆ.

ಚನ್ನಬಸಪ್ಪ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದಲಾಲಿ ಅಂಗಡಿಯವನು. ರೈತರು ತಂದ ಮಾಲನ್ನು ಖರೀದಿದಾರರಿಗೆ ಮಾರಿಸಿಕೊಡುವುದು ಅವನ ಉದ್ಯೋಗ. ಆ ಉದ್ಯೋಗಕ್ಕೆ ಬಂಡವಾಳವೇ ನಾಲಿಗೆ. ಕಾಯಿ ಬಾಡಿದ್ದರೂ ರೈತನ ಮನಸ್ಸು ಬಾಡದಂತೆ ಬೆಲೆ ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲವಂತೆ. ಮೋಟೆಬೆನ್ನೂರಿನ ಹತ್ತಿರ ಬೈಕಿಗೆ ನಾಯಿ ಅಡ್ಡ ಬಂದು ಬಿದ್ದ. ಹೆಲ್ಮೆಟ್ಟು ಬೈಕಿನ ಕನ್ನಡಿಗೆ ನೇತಾಡುತ್ತಿತ್ತು. ಅದಕ್ಕೆ ಒಂದು ಗೀರೂ ಆಗಿರಲಿಲ್ಲ. ಹುಬ್ಬಳ್ಳಿಯಲ್ಲಿ ತಲೆಯ ಶಸ್ತ್ರಚಿಕಿತ್ಸೆಯಾಗಿ, ಹಲವು ವಾರ ಮಲಗಿ, ಎದ್ದು ನಡೆದಾಡಿ, ಮಾತಾಡಿ, ಮನೆಗೆ ಬಂದ. ಊರವರು ದೇವರಿಗೆ ಕಾಯಿ ಒಡೆಸಿದರು. ಆಮೇಲೆ ಶುರುವಾಯಿತು.

ಮಾತು ಆರಂಭಿಸಿದರೆ ನಿಲ್ಲಿಸುತ್ತಿರಲಿಲ್ಲ. ಎದುರಿನವರು ಆಕಳಿಸಿದರೂ, ಎದ್ದು ಚಪ್ಪಲಿ ಮೆಟ್ಟಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಚೇಷ್ಟೆಯ ಮಾತನ್ನು ಖರೆ ಎಂದು ತಿಳಿದು ಜಗಳಕ್ಕೆ ನಿಲ್ಲುತ್ತಿದ್ದ. ಮನಸ್ಸಿನಲ್ಲಿ ಬಂದದ್ದು ನೇರ ಬಾಯಿಗೆ ಬರುತ್ತಿತ್ತು. ನಡುವೆ ಇರಬೇಕಾದ ಜರಡಿ ಹರಿದುಹೋಗಿತ್ತು. "ಈ ಕಾಯಿಗೆ ನೀರು ಹೊಡದು ತೂಕ ಮಾಡ್ಕೊಂಡು ಬಂದೀಯಲ್ಲೋ" ಎಂದು ರೈತನೊಬ್ಬನಿಗೆ ಎಲ್ಲರೆದುರು ಹೇಳಿದ. ಅದು ನಿಜವೇ ಆಗಿತ್ತು. ಆದರೆ ಆ ರೈತ ಚೀಲಗಳನ್ನು ಹೊರಿಸಿಕೊಂಡು ಎದುರಿನ ಅಂಗಡಿಗೆ ಹೋದ. ಅವನ ಹಿಂದೆ ಅವನ ಊರಿನವರೂ ಹೋದರು.

ನಾನು ಕಲಿತ ವಿದ್ಯೆಯನ್ನೆಲ್ಲ ಹೊರತೆಗೆದೆ. ಆಗಲೂ ನನ್ನ ವಿದ್ಯೆ ಎಂದರೆ ಚಿತ್ರದ ಕಾರ್ಡುಗಳು. ಬಕೆಟ್ಟಿನ ಚಿತ್ರ ಎತ್ತಿ ಹಿಡಿದು "ಇದೇನು?" ಎಂದು ಕೇಳಿದೆ.

ಚನ್ನಬಸಪ್ಪ ಚಿತ್ರವನ್ನೂ ನನ್ನನ್ನೂ ನೋಡಿದ. "ಬಕೀಟು. ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತಿದೆ. ನೀವು ಹೇಳಬೇಕು."

"ಗೊತ್ತಿದ್ದದ್ದನ್ನ ಯಾಕ ಕೇಳ್ತೀರಿ?"

ಮುಂದಿನ ಕಾರ್ಡು ಎತ್ತಿದೆ. ಅದರಲ್ಲಿ ಕತ್ತೆ ಇತ್ತು. ಅವನು ಕತ್ತೆಯ ಬಗ್ಗೆ ಆರಂಭಿಸಿ, ಊರಿನ ಅಗಸರ ಕತ್ತೆಗಳನ್ನು ದಾಟಿ, ತನ್ನ ಸೋದರಮಾವನ ಸ್ವಭಾವದವರೆಗೆ ಹೋದ. ಶಿವಲೀಲಾ ತಲೆ ತಗ್ಗಿಸಿ ಕೂತಿದ್ದಳು. ಸೋದರಮಾವ ಅವಳ ತಂದೆ.

ನಮ್ಮ ಆಸ್ಪತ್ರೆಯ ಮುಖ್ಯ ವೈದ್ಯರಿಗೆ ನನ್ನ ವಿಭಾಗದ ಮೇಲೆ ಅಂಥ ಭಕ್ತಿಯೇನೂ ಇರಲಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತು, "ಏನಪ್ಪಾ, ಆರಾಮ ಅದಿಯೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿದರು. "ಮಾತಾಡ್ತಾನ, ನಡೀತಾನ, ಉಣ್ತಾನ. ಇನ್ನೇನ್ ಬೇಕ್ರಿ? ಬಿಟ್ಟುಬಿಡ್ರಿ ಈ ಕೇಸ್."

ಚನ್ನಬಸಪ್ಪ ಕುರ್ಚಿಯಿಂದ ಎದ್ದ. "ಸಾಹೇಬ್ರ, ನೀವು ನನ್ನ ಆರಾಮ ಕೇಳಿದ್ರಿ. ಉತ್ತರ ಕೇಳಾಕ ನಿಲ್ಲಲಿಲ್ಲ. ನಿಮ್ಮ ತಲಿಗೂ ಪೆಟ್ಟು ಬಿದ್ದೈತೇನು?"

ಮುಖ್ಯ ವೈದ್ಯರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, "ಇವ್ರಿಗೆ ಚಿಕಿತ್ಸೆ ಮುಂದುವರಿಸ್ರಿ" ಎಂದು ಹೇಳಿ ಹೋದರು. ಅಲ್ಲಿಯವರೆಗೆ ನಾನು ಬರೆದ ಯಾವ ಕೋರಿಕೆಗೂ ಅಷ್ಟು ಬೇಗ ಒಪ್ಪಿಗೆ ಸಿಕ್ಕಿರಲಿಲ್ಲ.

ಆಮೇಲೆ ನನಗೊಂದು ಅದ್ಭುತ ಉಪಾಯ ಹೊಳೆಯಿತು. ಐರಣಿಯಿಂದ ಹನುಮಂತಪ್ಪ ಮಾಸ್ತರರು ಎಂಬ ಇನ್ನೊಬ್ಬರು ಬರುತ್ತಿದ್ದರು. ಮರದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಅವರದು ತದ್ವಿರುದ್ಧ ತೊಂದರೆ: ಕೇಳಿದರೆ ಉತ್ತರ ಕೊಡುತ್ತಿದ್ದರು, ತಾವಾಗಿ ಒಂದು ಮಾತನ್ನೂ ಎತ್ತುತ್ತಿರಲಿಲ್ಲ. ನಿಲ್ಲಿಸಲು ಬಾರದವನನ್ನೂ ಶುರುಮಾಡಲು ಬಾರದವರನ್ನೂ ಎದುರುಬದುರು ಕೂರಿಸಿದರೆ ಇಬ್ಬರೂ ಸರಿದೂಗುತ್ತಾರೆ ಎಂದು ಲೆಕ್ಕ ಹಾಕಿದೆ. ಅಡುಗೆಯಲ್ಲಿ ಖಾರ ಹೆಚ್ಚಾದರೆ ಬೆಲ್ಲ ಹಾಕುವುದಿಲ್ಲವೇ, ಹಾಗೆ.

ಚನ್ನಬಸಪ್ಪ ಮಾಸ್ತರರಿಗೆ ಪ್ರಶ್ನೆ ಕೇಳಿದ, ಅವರ ಪರವಾಗಿ ತಾನೇ ಉತ್ತರ ಹೇಳಿದ, ಆ ಉತ್ತರ ತಪ್ಪೆಂದು ಅವರೊಡನೆ ವಾದಿಸಿದ. ವಾರಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಮಾಸ್ತರರು ಮೆಲ್ಲಗೆ ಕೈ ಎತ್ತಿ, ಯಾರೂ ಕೇಳದೆ, ತಾವಾಗಿಯೇ ಬಾಯಿ ಬಿಟ್ಟರು.

"ಸಾಕು."

ಪೆಟ್ಟು ಬಿದ್ದ ಮೇಲೆ ಅವರು ಸ್ವಂತ ಇಚ್ಛೆಯಿಂದ ಆಡಿದ ಮೊದಲ ಮಾತು ಅದು. ಅವರ ಮಗಳು ಆನಂದದಿಂದ ನನ್ನ ಕೈ ಹಿಡಿದುಕೊಂಡಳು. ನಾನು ಎಲ್ಲವನ್ನೂ ಯೋಜಿಸಿಯೇ ಮಾಡಿದ್ದೇನೆ ಎಂಬಂತೆ ತಲೆಯಾಡಿಸಿದೆ.

ಕೋಣೆಯೊಳಗಿನ ಪಾಠ ಕೋಣೆಯೊಳಗೇ ಉಳಿಯುತ್ತದೆ, ರೋಗಿ ಬದುಕುವ ಜಾಗಕ್ಕೆ ಹೋಗಿ ನೋಡಬೇಕು ಎಂದು ಯಾವುದೋ ತರಬೇತಿಯಲ್ಲಿ ಹೇಳಿದ್ದರು. ಸರಿ, ಬ್ಯಾಡಗಿಗೆ ಹೊರಟೆ. ಸುಗ್ಗಿಯ ಕಾಲ. ಅಂಗಡಿಯ ಮುಂದೆ ಕೆಂಪು ರಾಶಿಗಳು. ಬಸ್ಸಿನಿಂದ ಇಳಿದಾಗಲೇ ಮೂಗು ಚುರುಗುಟ್ಟುತ್ತಿತ್ತು. ಅಂಗಡಿಯ ಗಾದಿಯ ಮೇಲೆ ಕೂತು, "ಚನ್ನಬಸಪ್ಪನವರೇ, ಈ ದಿನ ನಾವು ಮಾತಿನ ಸರದಿ ಕಾಯುವುದನ್ನು..." ಎನ್ನುವಷ್ಟರಲ್ಲಿ ಸೀನು ಬಂತು. ಒಂದರ ಹಿಂದೆ ಒಂದು. ಕಣ್ಣು ಮೂಗು ಎರಡೂ ಹರಿಯತೊಡಗಿದವು. ಹಮಾಲರು ಚೀಲ ಕೆಳಗಿಟ್ಟು ನೋಡಲು ನಿಂತರು.

ಚನ್ನಬಸಪ್ಪ ಬಾಯಿ ತೆರೆದ. ನಾನು ಸೀನಿದೆ. ಅವನು ಬಾಯಿ ಮುಚ್ಚಿದ. ಮತ್ತೆ ತೆರೆದ. ಮತ್ತೆ ಸೀನಿದೆ. ಕೊನೆಗೆ ಅವನು ಕೈಕಟ್ಟಿ ಕೂತು ಹಮಾಲರಿಗೆ ಹೇಳಿದ: "ತಡೀರಿ. ಅಕ್ಕಾರದ್ದು ಮುಗೀಲಿ. ಆಮ್ಯಾಲ ನಾ ಮಾತಾಡ್ತೀನಿ."

ತಿಂಗಳುಗಟ್ಟಲೆ ಕಲಿಸಿದರೂ ಬಾರದ ಸರದಿ ಕಾಯುವ ಕಲೆ ಅಂದು ನನ್ನ ಮೂಗಿನಿಂದಾಗಿ ಬಂದಿತ್ತು. ವರದಿಯಲ್ಲಿ ಮಾತ್ರ 'ಸಹಜ ಪರಿಸರದಲ್ಲಿ ಉತ್ತಮ ಪ್ರಗತಿ' ಎಂದು ಬರೆದೆ.

ಮನೆಯಲ್ಲಿ ಶಿವಲೀಲಾ ನಾನು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದಳು. ಅದೇ ತೊಂದರೆಯಾಗಿತ್ತು. ನೆನಪಿನ ಶಕ್ತಿಗೆ ದಿನಾ ಪ್ರಶ್ನೆ ಕೇಳಬೇಕು ಎಂದಿದ್ದೆ. ಅವತ್ತು ಅಂಗಡಿಯಿಂದ ಮನೆಗೆ ಹೋದಾಗ ನನ್ನ ಎದುರಿಗೇ ಕೇಳಿದಳು:

"ಮುಂಜಾನೆ ನಾಷ್ಟಾಕ್ಕ ಏನ್ ತಿಂದ್ರಿ, ಹೇಳ್ರಿ ನೋಡೂಣು?"

"ನೀನ ಮಾಡಿ ನೀನ ಬಡಿಸೀದಿ. ಮರ್ತೀ ಏನು?"

"ಮರ್ತಿಲ್ರಿ. ನೀವು ಹೇಳ್ರಿ."

ಅವನು ಎದ್ದು ಹೊರಗೆ ಹೋದ. ಶಿವಲೀಲಾ ಗೋಡೆಗೆ ಒರಗಿ ನಿಂತಳು. "ಅಕ್ಕಾರ, ಮೊದಲ ನಾವು ಗಂಡ ಹೆಂಡತಿ ಇದ್ವಿ. ಈಗ ಮಾಸ್ತರು, ಸಾಲಿ ಹುಡುಗ ಆಗೇವಿ. ಅವ್ರ ಜೋಡಿ ಸುಮ್ಮ ಮಾತಾಡಿ ಎಷ್ಟ ದಿನಾ ಆತು."

ಇದಕ್ಕೆ ನಗು ಬರಲಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಇನ್ನು ಕೇಳಬೇಡಿ, ನಿಮಗೆ ನಿಜವಾಗಿ ತಿಳಿಯಬೇಕಾದದ್ದನ್ನು ಮಾತ್ರ ಕೇಳಿ ಎಂದೆ. "ಈ ಸಲ ಕಾಯಿ ಯಾವ ಊರಿಂದ ಬರಾಕತ್ತಾವ?" ಎಂದು ಅವಳು ಮರುದಿನ ಕೇಳಿದಳಂತೆ. ಗಂಡ ಬಹಳ ಹೊತ್ತು ಹೇಳಿದನಂತೆ. ಉದ್ದವಾಯಿತು, ಆದರೆ ಅದು ಮಾತುಕತೆಯಾಗಿತ್ತು.

ಇನ್ನು ಖಾದರಸಾಬರ ವಿಷಯ. ಖಾದರಸಾಬರು ಮೆಣಸಿನಕಾಯಿ ಖರೀದಿ ಮಾಡುವ ವ್ಯಾಪಾರಿ, ಚನ್ನಬಸಪ್ಪನ ಬಾಲ್ಯದ ಗೆಳೆಯ. ಅವರ ತಾಯಿಯನ್ನು ಚನ್ನಬಸಪ್ಪ ದೊಡ್ಡವ್ವ ಎಂದೇ ಕರೆಯುತ್ತಿದ್ದ. ಅವಳ ಕೈಯ ಊಟ ಉಂಡು ಬೆಳೆದವನು. ಚನ್ನಬಸಪ್ಪನಿಗೆ ಪೆಟ್ಟು ಬಿದ್ದು ಕೆಲವು ತಿಂಗಳಾದ ಮೇಲೆ ಖಾದರಸಾಬರ ಮಗಳ ಲಗ್ನದ ಮಾತು ಮುರಿದುಬಿತ್ತು. ಅದನ್ನವರು ಗೆಳೆಯನೊಬ್ಬನಿಗೇ ಹೇಳಿಕೊಂಡರು. ಚನ್ನಬಸಪ್ಪ ಮರುಗಿ, ಪೇಟೆಯ ವ್ಯಾಪಾರಿಗಳೆಲ್ಲ ಇದ್ದ ವಾಟ್ಸಾಪ್ ಗುಂಪಿಗೆ ದೀರ್ಘವಾದ ಧ್ವನಿ ಸಂದೇಶ ಕಳಿಸಿದ. "ನಮ್ಮ ಖಾದರನ ಮಗಳ ಲಗ್ನ ಮುರೀತು, ಭಾಳ ಕೆಟ್ಟಾತು, ಎಲ್ಲಾರೂ ಅವಂಗ ಧೈರ್ಯ ಹೇಳ್ರಿ" ಎಂದು. ಹೇಳಿದ್ದು ಪ್ರೀತಿಯಿಂದ. ಖಾದರಸಾಬರು ಅಂದಿನಿಂದ ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಎದುರಾದರೆ ಮುಖ ತಿರುಗಿಸುತ್ತಿದ್ದರು.

ಹೀಗಿರುವಾಗ ದೊಡ್ಡವ್ವ ತೀರಿಕೊಂಡಳು. ಮಣ್ಣು ಕೊಡುವ ಕಾರ್ಯಕ್ಕೆ ಹೋಗಲು ಮನೆಯವರು ಚನ್ನಬಸಪ್ಪನನ್ನು ಬಿಡಲಿಲ್ಲ. ಅಲ್ಲಿ ಏನು ಅಂದುಬಿಡುತ್ತಾನೋ ಎಂಬ ಭಯ. ಅವನು ನನ್ನ ಕೋಣೆಗೆ ಬಂದು, ಯಾವತ್ತೂ ಇಲ್ಲದಂತೆ ಸುಮ್ಮನೆ ಕೂತ. ಆಮೇಲೆ ಹೇಳಿದ:

"ಅಕ್ಕಾರ, ನಾ ಮಾತಾಡಿಸಾಕ ಹೋಗಬೇಕು. ಹೆಂಗ ಮಾತಾಡ್ಲಿ, ಅಷ್ಟ ಕಲಸ್ರಿ."

ಸಾವಾದ ಮನೆಗೆ ಹೋಗಿ ಸಮಾಧಾನ ಹೇಳುವುದಕ್ಕೆ ಈ ಕಡೆ 'ಮಾತಾಡಿಸುವುದು' ಎನ್ನುತ್ತಾರೆ. ಅಷ್ಟು ದಿನಗಳಲ್ಲಿ ಅವನಾಗಿಯೇ ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಉತ್ಸಾಹದಿಂದ ಮೈಮರೆತೆ. ಒಂದು ವಾಕ್ಯ ಹೇಳಬೇಕು, ಆಮೇಲೆ ಸುಮ್ಮನಿರಬೇಕು. ಏನಾಗಿತ್ತು, ಯಾವ ಆಸ್ಪತ್ರೆ, ಎಷ್ಟು ಖರ್ಚು ಎಂದು ವಿಚಾರಿಸಬಾರದು. ಮಾತು ಹರಿಯತೊಡಗಿದರೆ ಶಿವಲೀಲಾ ಸೆರಗು ಎಳೆದುಕೊಳ್ಳುತ್ತಾಳೆ, ಅದೇ ಸೂಚನೆ. ನಾನೇ ಖಾದರಸಾಬರ ಪಾತ್ರ ವಹಿಸಿ, ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.

ಚನ್ನಬಸಪ್ಪ ತಲೆ ಅಲ್ಲಾಡಿಸಿದ. "ಖಾದರ ಹಿಂಗ ಅಳಾಂವಲ್ರಿ. ನೀವು ಬಯಲಾಟದಾಗಿನ ರಾಣಿ ಆಗೀರಿ."

ಜೊತೆಗೆ ನಾನೂ ಹೋದೆ. ಹೋಗಬೇಕಿರಲಿಲ್ಲ, ಆದರೆ ಪರೀಕ್ಷೆಗೆ ಕೂತ ಮಗುವಿನ ತಾಯಿಯಂತೆ ನನಗೆ ತಡೆಯಲಾಗಲಿಲ್ಲ. ಖಾದರಸಾಬರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. "ಬರ್ರಿ, ಕುಂದ್ರಿ" ಎಂದು ನಮ್ಮಿಬ್ಬರು ಹೆಂಗಸರಿಗೆ ಹೇಳಿದರು. ಗೆಳೆಯನಿಗೆ ಹೇಳಲಿಲ್ಲ. ಅವನು ತಾನಾಗಿ ಕೂತ.

"ದೊಡ್ಡವ್ವ ಹೋದಳು ಅಂತ ಕೇಳಿ ಎದಿ ಒಡದಂಗಾತು, ಖಾದರ" ಎಂದ. ಬಾಯಿ ಮುಚ್ಚಿದ. ಕಲಿಸಿದ್ದಕ್ಕಿಂತ ಚೆನ್ನಾಗಿತ್ತು.

ಖಾದರಸಾಬರು ಏನೂ ಹೇಳಲಿಲ್ಲ. ಚನ್ನಬಸಪ್ಪ ಆ ಮೌನವನ್ನು ತಡೆದುಕೊಂಡ. ತಡೆದುಕೊಳ್ಳಲಾಗದೆ ಹೋದವಳು ನಾನು. ವಯಸ್ಸಾಗಿತ್ತಲ್ಲ, ಪುಣ್ಯವಂತರು ಎಂದು ಶುರುಮಾಡಿದೆ. ಅಲ್ಲಿಂದ ನನ್ನ ಅತ್ತೆಯ ಬಿ.ಪಿ.ಗೆ ಹೋದೆ, ಅವರನ್ನು ಯಾವ ಆಸ್ಪತ್ರೆಗೆ ಸೇರಿಸಿದ್ದೆವು, ಅಲ್ಲಿ ಎಷ್ಟು ಖರ್ಚಾಯಿತು ಎಂದು ಹೇಳತೊಡಗಿದೆ. ಶಿವಲೀಲಾ ಸೆರಗು ಎಳೆದುಕೊಂಡಳು. ಮತ್ತೊಮ್ಮೆ ಎಳೆದುಕೊಂಡಳು. ಚನ್ನಬಸಪ್ಪ ಅದನ್ನು ನೋಡಿ ನೊಂದುಕೊಂಡ.

"ನಾ ಸುಮ್ಮ ಕುಂತೇನಲ್ಲ, ಮತ್ಯಾಕ ಸೆರಗ ಎಳೀತಿ?"

"ನಿಮಗಲ್ರಿ" ಎಂದು ಶಿವಲೀಲಾ ನೆಲ ನೋಡುತ್ತ ಹೇಳಿದಳು.

ನಾನು ವಾಕ್ಯದ ನಡುವೆಯೇ ನಿಂತೆ. ಖಾದರಸಾಬರು ಮೂವರನ್ನೂ ಒಂದು ಸುತ್ತು ನೋಡಿದರು. "ಏನಿದು ಸೆರಗಿನ ಮಾತು?"

ಇದನ್ನು ನಾವು ಅಭ್ಯಾಸ ಮಾಡಿರಲಿಲ್ಲ. ಚನ್ನಬಸಪ್ಪ ತನ್ನ ರೀತಿಯಲ್ಲಿ, ಇದ್ದದ್ದನ್ನು ಇದ್ದಂತೆ ಹೇಳಿದ. "ನಾ ಭಾಳ ಮಾತಾಡಿದ್ರ ಇಕಿ ಸೆರಗ ಎಳೀತಾಳ. ನನಗ ತಿಳೀವಲ್ದು ಖಾದರ, ಎಲ್ಲಿ ನಿಲ್ಲಿಸಬೇಕು, ಯಾರ ಮುಂದ ಏನ್ ಹೇಳಬೇಕು. ಪೆಟ್ಟ ಬಿದ್ದಾಗಿಂದ ಹಿಂಗಾಗೇತಿ. ನಿನ್ನ ಮಗಳ ಮಾತೂ ಹಂಗ ಆತು. ನಿಂಗ ಎಲ್ಲಾರೂ ಧೈರ್ಯ ಹೇಳ್ಲಿ ಅಂತ ಹೇಳಿದೆ. ಹೇಳಬಾರದಿತ್ತಂತ. ಇವ್ರು ಹೇಳಿದ ಮ್ಯಾಲ ಗೊತ್ತಾತು."

ಖಾದರಸಾಬರು ಅವನ ಕಡೆ ತಿರುಗಿ ಕೂತರು. "ಕೈಕಾಲು ಗಟ್ಟಿ ಅದಾವು, ಮಾತು ಚುರುಕೈತಿ. ಮತ್ತೇನಾಗೇತಿ ಇಂವಗ, ಬೇಕಂತ ಮಾಡ್ಯಾನ ಅನ್ಕೊಂಡಿದ್ದೆ ನಾ" ಎಂದರು. "ಅಮ್ಮಾ ಕಡೀ ದಿನದಾಗ ನಿನ್ನ ಕೇಳಾಕತ್ತಿದ್ಲು. ಚನ್ನ್ಯಾ ಯಾಕ ಬಂದಿಲ್ಲ ಅಂತ."

ಆಗ ಇಬ್ಬರೂ ಅತ್ತರು. ಚನ್ನಬಸಪ್ಪ ಹೇಳಿದ್ದು ಸರಿ. ಖಾದರಸಾಬರು ಅಳುವ ರೀತಿಯೇ ಬೇರೆ. ಸದ್ದಿಲ್ಲದೆ, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದುಕೊಂಡು. ನಾನು ಈ ಸಲ ಏನೂ ಹೇಳಲಿಲ್ಲ. ಶಿವಲೀಲಾ ಸೆರಗನ್ನು ಹಿಡಿದೇ ಕೂತಿದ್ದಳು, ಮುಂಜಾಗ್ರತೆಗೆ.

ನನ್ನ ಕೆಲಸದ ವಿಧಾನ ಬದಲಾದದ್ದು ಅಲ್ಲಿಂದ. ಅಲ್ಲಿಯವರೆಗೆ ಪೆಟ್ಟು ತಿಂದವನೊಬ್ಬನನ್ನೇ ಕೂರಿಸಿ ತಿದ್ದುತ್ತಿದ್ದೆ. ಆಮೇಲೆ ಅವನ ಜೊತೆ ಮಾತಾಡುವವರನ್ನೂ ಕರೆಸತೊಡಗಿದೆ: ಹೆಂಡತಿ, ಗೆಳೆಯ, ಅಂಗಡಿಯವರು. ಏನಾಗಿದೆ ಎಂದು ಅವರಿಗೆ ತಿಳಿಸಿದರೆ ಅರ್ಧ ಸಿಟ್ಟು ಇಳಿಯುತ್ತದೆ. ಖಾದರಸಾಬರು ಪ್ರತಿ ವಾರ ಬಂದರು. ನಾನು 'ಸಂಭಾಷಣಾ ಸಮಾಪ್ತಿ ಸೂಚನೆ' ಎಂದು ಅಚ್ಚುಕಟ್ಟಾಗಿ ಹೆಸರಿಟ್ಟು, ಮುಖಭಾವ, ಕಣ್ಸನ್ನೆ ಎಂದೆಲ್ಲ ಹೇಳಿಕೊಟ್ಟೆ. ಅವರು ವಿನಯದಿಂದ ಕೇಳಿಸಿಕೊಂಡು, ಅಂಗಡಿಗೆ ಹೋಗಿ ತಮ್ಮದೇ ಒಂದು ಸೂಚನೆ ಮಾಡಿಕೊಂಡರು. ಗೆಳೆಯನ ಮಾತು ಉದ್ದವಾದಾಗ, "ಚೀಲಾ ತುಂಬೇತಿ, ಹೊಲಿ" ಎನ್ನುತ್ತಿದ್ದರು. ಪೇಟೆಯಲ್ಲಿ ಆ ಮಾತು ದಿನಕ್ಕೆ ನೂರು ಸಲ ಕೇಳುವುದರಿಂದ ಬೇರೆಯವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಚನ್ನಬಸಪ್ಪ ನಕ್ಕು ನಿಲ್ಲಿಸುತ್ತಿದ್ದ. ಧ್ವನಿ ಸಂದೇಶ ಕಳಿಸುವ ಮೊದಲು ತಾನೇ ಒಮ್ಮೆ ಕೇಳಿಕೊಳ್ಳುವುದು ಎಂಬ ನಿಯಮ ಮಾತ್ರ ನನ್ನದು. ಅದು ಫಲಿಸಿತು. ತನ್ನದೇ ಸಂದೇಶ ಕೇಳುತ್ತ ಅರ್ಧಕ್ಕೇ ಬೇಸತ್ತು ಅಳಿಸಿಬಿಡುತ್ತಿದ್ದ.

ಪೂರ್ತಿ ಗುಣವಾದನೇ ಎಂದು ನೀವು ಕೇಳುತ್ತೀರಿ. ಇಲ್ಲ. ಅಂಗಡಿಯಲ್ಲಿ ರೈತರೊಡನೆ ಬೆಲೆಯ ಮಾತು ಈಗ ಶಿವಲೀಲಾಳದೇ. ಅವನು ಕಾಯಿಯ ಬಣ್ಣ, ತೇವ, ಖಾರ ನೋಡುತ್ತಾನೆ. ಹೋದ ರೈತರಲ್ಲಿ ಕೆಲವರು ಮರಳಿದರು, ಹಲವರು ಮರಳಲಿಲ್ಲ. ದಣಿದ ದಿನ ಈಗಲೂ ಏನಾದರೊಂದು ಅಂದುಬಿಡುತ್ತಾನೆ. ಮೊದಲಿನ ಚನ್ನಬಸಪ್ಪ ಬೇಕೆಂದು ಶಿವಲೀಲಾ ಒಮ್ಮೊಮ್ಮೆ ಅತ್ತದ್ದೂ ಉಂಟು. ಅದಕ್ಕೆ ನನ್ನ ಬಳಿ ಔಷಧವಿರಲಿಲ್ಲ, ಜೊತೆಗೆ ಕೂತು ಚಹಾ ಕುಡಿದೆ. ಈ ಕೆಲಸದಲ್ಲಿ ಅದೂ ಸೇರಿದೆ. ಹೊಸಬರು ನೆನಪಿಡಿ.

ನಾನು ನಿವೃತ್ತಳಾಗುವ ಮುಂಚಿನ ವರ್ಷ, ಒಂದು ಮಧ್ಯಾಹ್ನ, ಶಿವಲೀಲಾಳ ಫೋನು ಬಂತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ.

"ಅಕ್ಕಾರ, ಕುಪ್ಪೇಲೂರಿಂದ ಬೀಗರು ಊಟಕ್ಕ ಬಂದಿದ್ರು. ಗಡಿಬಿಡಿಯಾಗ ಸಾರಿಗೆ ಉಪ್ಪ ಹಾಕೂದ ಮರ್ತಿದ್ದೆ. ನನಗ ಗೊತ್ತ ಇಲ್ಲ, ಬಡಿಸಿಬಿಟ್ಟೆ. ಇವ್ರು ಒಂದ ತುತ್ತ ಉಂಡ್ರು, ನನ್ನ ಮಕಾ ನೋಡಿದ್ರು. 'ಎಲ್ಲಾರಿಗೂ ಉಪ್ಪಿನಕಾಯಿ ಬಡಸು, ಈ ಸಲದ್ದು ಛಲೋ ಆಗೇತಿ' ಅಂದ್ರು. ಅಷ್ಟ. ಬೀಗರು ಉಪ್ಪಿನಕಾಯಿ ಹಚ್ಚಿಕೊಂಡು ಉಂಡು ಎದ್ದ ಮ್ಯಾಲ ಅಡಗಿ ಮನಿಗೆ ಬಂದು ಹೇಳಿದ್ರು, ಸಾರಿಗೆ ಉಪ್ಪಿಲ್ಲ ಅಂತ."

ಮೂವತ್ತು ವರ್ಷ ಮಾತನ್ನೇ ಕಲಿಸಿದ ನಾನು ಆಗ ಕೇಳಿದ ಪ್ರಶ್ನೆ ಇದು: "ಹಾಗಾದರೆ ಅವರಿಗೆ ರುಚಿ ಸರಿಯಾಗಿ ತಿಳಿಯುತ್ತಿದೆ, ಅಲ್ಲವೇ?"

"ಅಯ್ಯ, ಉಪ್ಪಿನ ಮಾತಲ್ರಿ ಅಕ್ಕಾರ" ಎಂದಳು ಶಿವಲೀಲಾ. "ಬಾಗಲಾ ಮುಂದ ಮಾಡಿ, ಬೀಗರಿಗೆ ಕೇಳದಂಗ ಹೇಳಿದ್ರು."